ಸರ್ಕಾರಿ ಜಾಗ ಅಗ್ಗಕ್ಕೆ ಕೊಟ್ಟರೆ ಅದರ ಲೆಕ್ಕ ಎಲ್ಲಿ ಬರೆಯುತ್ತಾರೆ?

ಪಹಣಿಯ ಹಾಳೆ ಮಳೆಯಲ್ಲಿ ಅರ್ಧ ನೆಂದಿತ್ತು. ಸೋಮವಾರಪೇಟೆ ಕಡೆಯ ನನ್ನ ಗೆಳೆಯ ಅದನ್ನು ಕ್ಯಾಂಟೀನಿನ ಮೇಜಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಒಂದು ಮೂಲೆಗೆ ಕಾಫಿ ಲೋಟ ಇಟ್ಟು, ಒಂಬತ್ತನೇ ಕಲಂ ಮೇಲೆ ಬೆರಳಿಟ್ಟ. ‘ಸರ್ಕಾರಿ ಪೈಸಾರಿ’ ಎಂದಿತ್ತು, ಅಂದರೆ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಮೀನು. ವಿಸ್ತೀರ್ಣ 6 ಎಕರೆ 50 ಸೆಂಟ್.

“ನೋಡು, ಯಾರದ್ದೂ ಅಲ್ಲ. ಯಾವುದಾದ್ರೂ ಕಂಪನಿಗೆ ಕಾಲು ರೇಟಿಗೆ ಕೊಟ್ರೂ ನಷ್ಟ ಏನು? ನಮ್ಮ ಹುಡುಗ್ರು ಬೆಂಗಳೂರು ಬಸ್ಸು ಹತ್ತೋದು ತಪ್ಪುತ್ತೆ.”

ಪಕ್ಕದಲ್ಲಿದ್ದ ಅವನ ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತದೆಯೇ ಕೇಳಿದರು: “ಯಾರದ್ದೂ ಅಲ್ಲ ಅಂದ್ರೆ, ಅಲ್ಲಿ ಮೇಯೋ ದನ ಯಾರದ್ದೋ?”

ಉದ್ಯೋಗ ಬರಲಿ, ಊರು ಬೆಳೆಯಲಿ ಎಂದು ಸರ್ಕಾರ ತನ್ನ ಜಾಗವನ್ನು ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಕೊಡುವ ವಿಷಯ ಬಂದಾಗಲೆಲ್ಲ ಜಗಳ ಈ ಎರಡು ಮಾತಿನ ನಡುವೆಯೇ ನಡೆಯುತ್ತದೆ. ನನ್ನ ಗೆಳೆಯ ಕೇಳಿದ್ದು ಬೆಲೆಯ ಪ್ರಶ್ನೆ, ಚಿಕ್ಕಪ್ಪ ಕೇಳಿದ್ದು ಹಕ್ಕಿನ ಪ್ರಶ್ನೆ. ಎರಡನ್ನೂ ಬಿಡಿಸಿ ನೋಡೋಣ. ಮೊದಲು ಬೆಲೆ.

ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆ. ಕುಶಾಲನಗರದ ಸುತ್ತಮುತ್ತ ಎಲ್ಲೋ 5 ಎಕರೆ ಸರ್ಕಾರಿ ಜಾಗ ಇದೆ. ಹೊರಗೆ ಮಾರಿದರೆ ಎಕರೆಗೆ 60 ಲಕ್ಷ ಸಿಗುತ್ತದೆ ಎಂದುಕೊಳ್ಳಿ. ಸರ್ಕಾರ ಒಂದು ಕಾರ್ಖಾನೆಗೆ ಅದನ್ನು ಎಕರೆಗೆ 15 ಲಕ್ಷದಂತೆ ಕೊಟ್ಟಿತು. 3 ಕೋಟಿಯ ಜಾಗ 75 ಲಕ್ಷಕ್ಕೆ ಹೋಯಿತು. ಉಳಿದ 2.25 ಕೋಟಿ ಸರ್ಕಾರ ಆ ಕಾರ್ಖಾನೆಗೆ ಕೊಟ್ಟ ಸಹಾಯಧನ. ಚೆಕ್ ಬರೆದು ಕೊಟ್ಟಿದ್ದರೂ ಅಷ್ಟೇ, ಜಾಗದ ರೂಪದಲ್ಲಿ ಕೊಟ್ಟರೂ ಅಷ್ಟೇ.

ಆದರೆ ಚೆಕ್ ಬರೆಯಬೇಕಾದರೆ ಬಜೆಟ್ಟಿನಲ್ಲಿ ಒಂದು ಸಾಲು ಬೇಕು, ಸದನದ ಒಪ್ಪಿಗೆ ಬೇಕು, ವರ್ಷದ ಕೊನೆಗೆ ಖರ್ಚಿನ ಲೆಕ್ಕ ತೋರಿಸಬೇಕು. ಜಾಗ ಅಗ್ಗಕ್ಕೆ ಕೊಟ್ಟಾಗ ಇದ್ಯಾವುದೂ ಇಲ್ಲ. ಬಾರದೇ ಹೋದ 2.25 ಕೋಟಿ ಯಾವ ಪುಟದಲ್ಲೂ ಕಾಣುವುದಿಲ್ಲ. ಬಂದ 75 ಲಕ್ಷ ಮಾತ್ರ ‘ಆದಾಯ’ ಎಂದು ಜಮೆಯಾಗುತ್ತದೆ. ಸಹಾಯಧನ ಕೊಟ್ಟ ಸರ್ಕಾರ ಲಾಭ ಮಾಡಿದ ಹಾಗೆ ಕಾಣುತ್ತದೆ. ರಿಯಾಯಿತಿ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಇದೊಂದು ಖರ್ಚು, ಖರ್ಚಿನ ಹಾಗೆಯೇ ಇದನ್ನು ಪ್ರಶ್ನಿಸಬೇಕು ಎನ್ನುತ್ತಿದ್ದೇನೆ.

ಕೊಡಗಿಗೆ ಇದು ಹೊಸದೇನಲ್ಲ

ರಿಯಾಯಿತಿಯ ಜಮೀನು ಎಂದ ಕೂಡಲೇ ನಮಗೆ ಕಾರ್ಖಾನೆ, ಐಟಿ ಪಾರ್ಕು ನೆನಪಾಗುತ್ತವೆ. ಆದರೆ ಕೊಡಗಿನ ಭೂಮಿಯ ಕಥೆಯೇ ರಿಯಾಯಿತಿಯ ಕಥೆ. ವಂಶಪಾರಂಪರ್ಯವಾಗಿ ಬರುವ ಜಮ್ಮ ಜಮೀನನ್ನೇ ತೆಗೆದುಕೊಳ್ಳಿ. ರಾಜರ ಕಾಲದ ಏರ್ಪಾಡಿನಲ್ಲಿ ನೂರು ಭಟ್ಟಿ (ಕೊಡಗಿನ ಹಳೆಯ ಅಳತೆ) ಗದ್ದೆಗೆ ಮಾಮೂಲಿ ಹಿಡುವಳಿಯಾದ ಸಾಗು ಜಮೀನಿನವರು 10 ರೂಪಾಯಿ ಕಂದಾಯ ಕಟ್ಟಿದರೆ, ಜಮ್ಮದವರು ಕಟ್ಟುತ್ತಿದ್ದುದು 5 ರೂಪಾಯಿ. ಸರಿಯಾಗಿ ಅರ್ಧ. ಗದ್ದೆಯ ಜೊತೆಗೆ ಸೌದೆಗೆ, ಸೊಪ್ಪಿಗೆ, ಮೇವಿಗೆ ಅಂತ ಬಾಣೆ ಬೇರೆ, ಅದಕ್ಕೆ ಕಂದಾಯವಿಲ್ಲ.

ಇದು ಪುಕ್ಕಟೆ ಔದಾರ್ಯವಾಗಿರಲಿಲ್ಲ. ಕರೆ ಬಂದಾಗ ಕೋವಿ ಹಿಡಿದು ಹೋಗಬೇಕಿತ್ತು, ರಾಜ್ಯದ ಕಾವಲು ಕೆಲಸ ಮಾಡಬೇಕಿತ್ತು. ಜಮೀನನ್ನು ಮನಸ್ಸು ಬಂದಂತೆ ಮಾರುವ ಹಾಗಿರಲಿಲ್ಲ, ಅಡ ಇಡುವ ಹಾಗಿರಲಿಲ್ಲ. ಅಂದರೆ ರಿಯಾಯಿತಿ ಕೊಟ್ಟವನು ತನಗೇನು ಬೇಕೆಂದು ಮೊದಲೇ ಹೇಳಿದ್ದ, ಪಡೆದವನು ಜಮೀನನ್ನು ಕೈ ಬದಲಾಯಿಸದಂತೆ ಕಟ್ಟನ್ನೂ ಹಾಕಿದ್ದ. ಆ ಕಟ್ಟಿನ ಬಿಸಿ ಇನ್ನೂ ಆರಿಲ್ಲ: ಪಹಣಿಯಲ್ಲಿ ತಾತನ ಕಾಲದ ಪಟ್ಟೆದಾರರ (ಮನೆತನದ ಹಿರಿಯರ) ಹೆಸರೇ ಇದ್ದು, ಬ್ಯಾಂಕಿನಲ್ಲಿ ಸಾಲ ಸಿಗದೆ ಅಲೆದವರು ಕೊಡಗಿನ ಪ್ರತಿ ಊರಲ್ಲೂ ಇದ್ದಾರೆ. ಬಾಣೆಯ ಮೇಲೆ ಹಿಡುವಳಿದಾರನ ಹಕ್ಕು ಎಷ್ಟು ಎಂಬ ಪ್ರಶ್ನೆ 1993ರಲ್ಲಿ ಹೈಕೋರ್ಟಿನ ಪೂರ್ಣ ಪೀಠದವರೆಗೂ ಹೋಗಿ, ಕೊನೆಗೆ ಭೂ ಕಂದಾಯ ಕಾಯ್ದೆಗೇ ತಿದ್ದುಪಡಿ ತರಬೇಕಾಯಿತು. ನೂರಾರು ವರ್ಷದ ಹಿಂದೆ ಹಾಕಿದ ಷರತ್ತನ್ನು ಬಿಚ್ಚಲು ಇಷ್ಟು ಪಾಡು.

ಎರಡನೇ ರಿಯಾಯಿತಿ ಕಾಫಿಯದ್ದು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ತೋಟ ತೆರೆದ. ಅಲ್ಲಿಂದ ಮುಂದೆ ‘ಬಂಜರು’ ಎಂದು ಲೆಕ್ಕ ಹಾಕಿದ ಕಾಡು ತೋಟಕ್ಕೆ ಹೋಯಿತು. ಆಗಿನ ನಿಯಮದ ಜಾಣತನ ಗಮನಿಸುವಂಥದ್ದು. ಮೊದಲ ಕೆಲವು ವರ್ಷ ಕಂದಾಯ ಮಾಫಿ, ಆಮೇಲೆ ಕೆಲವು ವರ್ಷ ಎಕರೆಗೆ 1 ರೂಪಾಯಿ, ತೋಟ ಪೂರ್ತಿ ಫಸಲಿಗೆ ಬಂದ ಮೇಲೆ 2 ರೂಪಾಯಿ. ಕಾಫಿ ಗಿಡ ಹಣ್ಣು ಬಿಡಲು ಮೂರು–ನಾಲ್ಕು ವರ್ಷ ಬೇಕು ಎಂಬುದು ಕಂದಾಯ ಬರೆದವನಿಗೆ ಗೊತ್ತಿತ್ತು. ಕೈಯಲ್ಲಿ ದುಡ್ಡಿಲ್ಲದ ವರ್ಷಗಳಿಗಷ್ಟೇ ರಿಯಾಯಿತಿ, ದುಡ್ಡು ಬರತೊಡಗಿದ ಮೇಲೆ ಪೂರ್ತಿ ದರ. ಈಗಿನ ಎಷ್ಟೋ ಯೋಜನೆಗಳಲ್ಲಿ ಇಷ್ಟು ಸರಳ ಯೋಚನೆ ಕಾಣುವುದಿಲ್ಲ.

ಇವತ್ತು ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಹಾಗಾಗಿ ಆ ರಿಯಾಯಿತಿ ಫಲ ಕೊಡಲಿಲ್ಲ ಎನ್ನುವಂತಿಲ್ಲ. ಆದರೆ ಆ ಫಲಕ್ಕೆ ಬೆಲೆ ತೆತ್ತವರೂ ಇದ್ದಾರೆ. ನೆರಳು ಕಡಿದು ಬಯಲು ಮಾಡಿದ ತೋಟಗಳನ್ನು 1860ರ ದಶಕದಲ್ಲೇ ಬಿಳಿ ಕಾಂಡಕೊರಕ ಹುಳು ತಿಂದು ಹಾಕಿತು, ಎಷ್ಟೋ ತೋಟ ಪಾಳು ಬಿದ್ದವು. ‘ಬಂಜರು’ ಎಂದು ಕಾಗದದಲ್ಲಿದ್ದ ಕಾಡಿನಲ್ಲಿ ಜೇನು ಕೀಳುತ್ತ, ಗೆಡ್ಡೆ ಅಗೆಯುತ್ತ ಬದುಕಿದ್ದ ಯರವ, ಜೇನು ಕುರುಬ ಆದಿವಾಸಿಗಳು ಆ ತೋಟಗಳ ಲೈನ್ ಮನೆ, ಅಂದರೆ ಕೂಲಿಯಾಳುಗಳ ಸಾಲು ಮನೆ, ಸೇರಿದರು. ‘ಯಾರದ್ದೂ ಅಲ್ಲ’ ಎಂಬ ಮಾತು ಕೊಡಗಿನಲ್ಲಿ ಹೊಸದಾಗಿ ಹುಟ್ಟಿದ್ದಲ್ಲ.

ಅಗ್ಗ ಮಾಡುವ ದಾರಿಗಳು

ಈಗಿನ ಕಾಲಕ್ಕೆ ಬರೋಣ. ರಿಯಾಯಿತಿ ಎಂದರೆ ಬೆಲೆ ಕಡಿತ ಒಂದೇ ಅಲ್ಲ. ನೋಂದಣಿ ಶುಲ್ಕ, ಮುದ್ರಾಂಕ ಶುಲ್ಕದ ವಿನಾಯಿತಿಯೂ ರಿಯಾಯಿತಿಯೇ, ಬೇರೆಯವರಿಗೆ ಸಿಗದ ಜಾಗದಲ್ಲಿ ಭೂ ಪರಿವರ್ತನೆ ಮಾಡಿಕೊಡುವುದೂ ರಿಯಾಯಿತಿಯೇ. ಈ ಕೊನೆಯದರ ಮೇಲೆ ಒಂದು ಕಣ್ಣಿಟ್ಟಿರಿ. ಹೆದ್ದಾರಿ ಪಕ್ಕದ ಜಾಗವನ್ನು ಕೃಷಿ ಭೂಮಿಯ ಮಾರ್ಗಸೂಚಿ ಬೆಲೆಯಲ್ಲಿ ಕೊಟ್ಟು, ಮರುವರ್ಷ ಅಲ್ಲಿ ರೆಸಾರ್ಟಿಗೆ ಪರಿವರ್ತನೆ ಕೊಟ್ಟರೆ, ಕಾಗದದಲ್ಲಿ ರಿಯಾಯಿತಿ ಕೊಟ್ಟೇ ಇಲ್ಲ ಎಂದು ತೋರಿಸಬಹುದು. ಕೊಟ್ಟ ದಿನ ಅದು ಹೊಲ, ಬೆಲೆಯೂ ಹೊಲದ್ದೇ. ಮಾರ್ಗಸೂಚಿ ಬೆಲೆಗೂ ನಿಜವಾಗಿ ಕೈ ಬದಲಾಗುವ ಬೆಲೆಗೂ ಇರುವ ಅಂತರ ಕೊಡಗಿನಲ್ಲಿ ಜಾಗ ಮಾರಿದ ಯಾರನ್ನು ಕೇಳಿದರೂ ನಗುತ್ತ ಹೇಳುತ್ತಾರೆ. ರಿಯಾಯಿತಿ ಎಷ್ಟು ಎಂದು ಕೇಳುವ ಮುಂಚೆ ಯಾವ ಬೆಲೆಯಿಂದ ಕಳೆದದ್ದು ಎಂದು ಕೇಳಬೇಕು.

ಕರ್ನಾಟಕದಲ್ಲಿ ಕಾರ್ಖಾನೆಗೆ ಜಾಗ ಸಿಗುವ ಮುಖ್ಯ ದಾರಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ. 1966ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಕುಶಾಲನಗರದ ಹತ್ತಿರ ಕೂಡ್ಲೂರಿನಲ್ಲಿ ಕಾಫಿ ಸಂಸ್ಕರಣೆಯ ಘಟಕಗಳಿರುವ ಕೈಗಾರಿಕಾ ಪ್ರದೇಶ ಇದರದ್ದೇ. ಮಂಡಳಿ ಹೆಚ್ಚಾಗಿ ನೇರ ಮಾರುವುದಿಲ್ಲ, ‘ಲೀಸ್ ಕಮ್ ಸೇಲ್’ ಮಾಡುತ್ತದೆ. ಮೊದಲು ಗುತ್ತಿಗೆ, ಷರತ್ತು ಪಾಲಿಸಿದರೆ ಕೊನೆಗೆ ಶುದ್ಧ ಕ್ರಯಪತ್ರ. ಯೋಚನೆ ಒಳ್ಳೆಯದು: ಕಾರ್ಖಾನೆ ಕಟ್ಟದೆ ಜಾಗ ಇಟ್ಟುಕೊಂಡವನಿಂದ ವಾಪಸ್ ಪಡೆಯಬಹುದು.

ತೊಡಕಿರುವುದು ಬೆಲೆ ನಿಗದಿಯಾಗುವ ದಿನದಲ್ಲಿ. ಗುತ್ತಿಗೆಯ ಮೊದಲ ದಿನವೇ ಮಾರಾಟದ ಬೆಲೆ ಬಹುಮಟ್ಟಿಗೆ ಗಟ್ಟಿಯಾಗಿಬಿಡುತ್ತದೆ. ಬಳ್ಳಾರಿಯ ಸಂಡೂರಿನಲ್ಲಿ ಜಿಂದಾಲ್ ಉಕ್ಕು ಕಂಪನಿಗೆ ಹೋದ 3,667 ಎಕರೆಯ ಗಲಾಟೆಗೆ ಇದೇ ಬೇರು. ಲೀಸ್ ಕಮ್ ಸೇಲ್ ಆದದ್ದು 2006–07ರ ಹೊತ್ತಿಗೆ. ಬೆಲೆ ಒಂದು ಭಾಗಕ್ಕೆ ಎಕರೆಗೆ ಸುಮಾರು 1.22 ಲಕ್ಷ, ಇನ್ನೊಂದಕ್ಕೆ ಸುಮಾರು 1.5 ಲಕ್ಷ. ಕ್ರಯಪತ್ರ ಮಾಡಿಕೊಡುವ ಮಾತು 2019ರಲ್ಲಿ ಬಂದಾಗ ಆಳುವ ಪಕ್ಷದೊಳಗಿಂದಲೇ ವಿರೋಧ ಎದ್ದಿತು, 2021ರಲ್ಲಿ ಮತ್ತೊಂದು ಸರ್ಕಾರ ಒಪ್ಪಿ ಹಿಂದೆ ಸರಿಯಿತು, 2024ರ ಆಗಸ್ಟಿನಲ್ಲಿ ಇನ್ನೊಂದು ಸರ್ಕಾರದ ಸಂಪುಟ ಒಪ್ಪಿತು. ಕಂಪನಿಯ ವಾದ: ಒಪ್ಪಂದದ ಬೆಲೆ ಒಪ್ಪಂದದ್ದೇ, ನಾವು ಕಾರ್ಖಾನೆ ಕಟ್ಟಿದ್ದೇವೆ. ವಿರೋಧಿಸಿದವರ ವಾದ: ಇವತ್ತಿನ ಬೆಲೆ ಎಲ್ಲಿ, ಅಂದಿನ ಬೆಲೆ ಎಲ್ಲಿ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಜಾಗದ ಬೆಲೆ ಏರಿದಾಗ ಆ ಏರಿಕೆ ಯಾರದ್ದು ಎಂದು ಮೊದಲ ದಿನ ಬರೆದಿಡದಿದ್ದರೆ ಹೀಗಾಗುತ್ತದೆ.

ಕೊಡಗಿಗೆ ಹೆಚ್ಚು ಹತ್ತಿರದ ಮೂರನೇ ದಾರಿಯೊಂದಿದೆ: ಮೊದಲು ಹಿಡಿದುಕೊಳ್ಳುವುದು, ಆಮೇಲೆ ಸಕ್ರಮ. ಬಗರ್‌ಹುಕುಂ ಎನ್ನುತ್ತೇವೆ. ಸಕ್ರಮದ ಅರ್ಜಿಗಳಾದ ನಮೂನೆ 50, 53, 57 ಎಂದರೆ ಹಳ್ಳಿಯಲ್ಲಿ ಓದು ಬಾರದ ಅಜ್ಜಿಗೂ ಅರ್ಥವಾಗುತ್ತದೆ. ಬಡವನೊಬ್ಬ ಎರಡೆಕರೆ ಉತ್ತು ಅರ್ಜಿ ಹಾಕಿದ್ದಕ್ಕೂ, ತೋಟದ ಬೇಲಿ ವರ್ಷಕ್ಕಿಷ್ಟು ಪೈಸಾರಿಯೊಳಗೆ ನಡೆದುಕೊಂಡು ಹೋಗಿದ್ದಕ್ಕೂ ಅಜಗಜಾಂತರ. ಎರಡನೆಯದಕ್ಕೂ ಈಗ ಕಾನೂನು ಬಂದಿದೆ. 2022ರ ತಿದ್ದುಪಡಿಯಿಂದ ಕೊಡಗು, ಹಾಸನ, ಚಿಕ್ಕಮಗಳೂರಿನಂಥ ಕಡೆ 2005ಕ್ಕಿಂತ ಮೊದಲು ಒತ್ತುವರಿ ಮಾಡಿ ಕಾಫಿಯಂಥ ತೋಟದ ಬೆಳೆ ಬೆಳೆದ ಸರ್ಕಾರಿ ಜಾಗವನ್ನು 25 ಎಕರೆಯವರೆಗೆ 30 ವರ್ಷ ಗುತ್ತಿಗೆಗೆ ಕೊಡಬಹುದು.

ನನ್ನ ಅಭಿಪ್ರಾಯ ಕೇಳಿದರೆ ಇದರಲ್ಲಿ ಒಂದು ಸರಿ ಇದೆ, ಒಂದು ತಪ್ಪು. ಮಾರಾಟದ ಬದಲು ಗುತ್ತಿಗೆ ಎಂದದ್ದು ಸರಿ, ಜಾಗ ಸರ್ಕಾರದ ಹೆಸರಲ್ಲೇ ಉಳಿಯಿತು, ಇಷ್ಟು ವರ್ಷ ಪುಕ್ಕಟೆ ಇದ್ದದ್ದಕ್ಕೆ ಬಾಡಿಗೆಯೂ ಬಂತು. ಆದರೆ ಬೇಲಿ ಜರುಗಿಸದೆ ಕಂದಾಯ ಕಟ್ಟಿಕೊಂಡಿದ್ದ ಪಕ್ಕದ ಮನೆಯವನಿಗೆ ಇದು ಹೇಳುವ ಪಾಠವೇನು? ಅಭಿವೃದ್ಧಿಗೆಂದು ಕೊಡುವ ರಿಯಾಯಿತಿ ಮುಂದೆ ಆಗಬೇಕಾದ ಕೆಲಸಕ್ಕೆ ಸಿಗಬೇಕು. ಇಲ್ಲಿ ಹಿಂದೆ ಆಗಿಹೋದದ್ದಕ್ಕೆ ಸಿಗುತ್ತಿದೆ.

ಆ 2.25 ಕೋಟಿಗೆ ಏನು ಸಿಕ್ಕಿತು?

ನಮ್ಮ 5 ಎಕರೆಗೆ ವಾಪಸ್ ಬರೋಣ. ಕಾರ್ಖಾನೆ 50 ಜನಕ್ಕೆ ಕೆಲಸ ಕೊಟ್ಟರೆ ಒಂದೊಂದು ಕೆಲಸಕ್ಕೆ ಸರ್ಕಾರ 4.5 ಲಕ್ಷ ಖರ್ಚು ಮಾಡಿದ ಹಾಗಾಯಿತು. ಅರ್ಜಿಯಲ್ಲಿ 50 ಎಂದು ಬರೆದು ನಿಜದಲ್ಲಿ 15 ಜನ ಇದ್ದರೆ ತಲೆಗೆ 15 ಲಕ್ಷ. ಆ 15ರಲ್ಲಿ ಹತ್ತು ಜನ ಗುತ್ತಿಗೆದಾರನ ಮೂಲಕ ಹೊರಗಿಂದ ಬಂದವರಾದರೆ ನನ್ನ ಗೆಳೆಯ ಹೇಳಿದ ಬೆಂಗಳೂರು ಬಸ್ಸು ತುಂಬಿಯೇ ಹೋಗುತ್ತದೆ.

ಇನ್ನೂ ಕಷ್ಟದ ಪ್ರಶ್ನೆ ಒಂದಿದೆ. ರಿಯಾಯಿತಿ ಇಲ್ಲದಿದ್ದರೂ ಆ ಕಾರ್ಖಾನೆ ಬರುತ್ತಿತ್ತೇ? ಕಾಫಿ ಸಂಸ್ಕರಣೆ ಮಾಡುವವನು ಕಾಫಿ ಇರುವಲ್ಲಿಗೆ ಬಂದೇ ಬರುತ್ತಾನೆ. ಅವನಿಗೆ ಕೊಟ್ಟ ರಿಯಾಯಿತಿ ಅವನ ಲಾಭಕ್ಕೆ ಸೇರಿತೇ ಹೊರತು ಊರಿಗೆ ಹೊಸದೇನನ್ನೂ ತರಲಿಲ್ಲ. ಬಿಡಿಭಾಗ ಮಾಡುವ ಕಾರ್ಖಾನೆಯ ಮಾತೇ ಬೇರೆ, ಅದಕ್ಕೆ ಕೊಡಗಿಗೆ ಬರಲು ಕಾರಣವೇ ಇಲ್ಲ. ಜಿಲ್ಲೆಯಲ್ಲಿ ರೈಲಿಲ್ಲ, ಮಳೆಗಾಲದಲ್ಲಿ ಘಾಟಿ ಯಾವಾಗ ಕುಸಿಯುತ್ತದೋ ಗೊತ್ತಿಲ್ಲ, ಮರ ಬಿದ್ದು ಕರೆಂಟ್ ಹೋದರೆ ಲೈನ್‌ಮ್ಯಾನ್ ಬರುವುದು ಮಾರನೇ ದಿನ. ಇಂಥ ಕೊರತೆಗಳಿಗೆ ಪರಿಹಾರವಾಗಿ ಜಾಗ ಅಗ್ಗ ಮಾಡುತ್ತಾರೆ. ಆದರೆ ಜಾಗದ ಬೆಲೆ ಒಂದು ಸಲದ ಖರ್ಚು, ಕರೆಂಟ್ ಹೋಗುವುದು ದಿನಾ. ಅದೇ 2.25 ಕೋಟಿಯನ್ನು ವಿದ್ಯುತ್ ಮಾರ್ಗಕ್ಕೋ ರಸ್ತೆಗೋ ಹಾಕಿದರೆ ಒಂದು ಕಾರ್ಖಾನೆಗಷ್ಟೇ ಅಲ್ಲ, ಪಕ್ಕದ ಹಿಟ್ಟಿನ ಗಿರಣಿಗೂ ಉಪಯೋಗ.

ಗುತ್ತಿಗೆಯ ಲೆಕ್ಕವನ್ನೂ ಹಾಕಿ ನೋಡಿ. 3 ಕೋಟಿಯ ಜಾಗಕ್ಕೆ ವರ್ಷಕ್ಕೆ ಶೇ. 3 ಬಾಡಿಗೆ ಎಂದರೆ 9 ಲಕ್ಷ. ಮೊದಲ ಐದು ವರ್ಷ ಶೇ. 1 ಮಾತ್ರ, ಅಂದರೆ 3 ಲಕ್ಷ ತೆಗೆದುಕೊಂಡರೆ ಸರ್ಕಾರ ಬಿಟ್ಟುಕೊಟ್ಟದ್ದು ಒಟ್ಟು 30 ಲಕ್ಷ. ಕಾರ್ಖಾನೆಯವನು ಮೊದಲ ದಿನ 75 ಲಕ್ಷವನ್ನೂ ಹೊಂದಿಸಬೇಕಿಲ್ಲ. ಜಾಗ ಸರ್ಕಾರದ್ದೇ. ನೂರೈವತ್ತು ವರ್ಷದ ಹಿಂದೆ ಕಾಫಿಗೆ ಕಂದಾಯ ಬರೆದವನು ಮಾಡಿದ್ದು ಹೆಚ್ಚುಕಡಿಮೆ ಇದನ್ನೇ.

ಹಾಗಿದ್ದರೆ ಎಲ್ಲರೂ ಗುತ್ತಿಗೆಯನ್ನೇ ಯಾಕೆ ಒಪ್ಪುವುದಿಲ್ಲ? ಬ್ಯಾಂಕಿನ ಕಾರಣಕ್ಕೆ. ಸಾಲಕ್ಕೆ ಜಾಗ ಅಡ ಬೇಕು. ‘ಷರತ್ತು ಮುರಿದರೆ ಸರ್ಕಾರ ವಾಪಸ್ ಪಡೆಯುತ್ತದೆ’ ಎಂದು ಬರೆದಿರುವ ಜಾಗವನ್ನು ಅಡ ಹಿಡಿಯಲು ಮ್ಯಾನೇಜರ್ ಹಿಂದೆಮುಂದೆ ನೋಡುತ್ತಾರೆ, ಜಮ್ಮದವರಿಗೆ ಆದ ಹಾಗೆಯೇ. ದೀರ್ಘ ಅವಧಿಯ ಗುತ್ತಿಗೆ ಕೊಟ್ಟು, ಗುತ್ತಿಗೆಯ ಹಕ್ಕನ್ನಷ್ಟೇ ಅಡ ಇಡಲು ಅನುಮತಿ ಕೊಟ್ಟರೆ ಇದು ಬಗೆಹರಿಯುತ್ತದೆ. ಷರತ್ತು ಪೂರ್ತಿ ಸಡಿಲವಾದರೆ ಜಾಗ ಕೈತಪ್ಪುತ್ತದೆ, ಪೂರ್ತಿ ಬಿಗಿಯಾದರೆ ಅಲ್ಲಿ ಏನೂ ಎದ್ದು ನಿಲ್ಲುವುದಿಲ್ಲ.

ಕೋರ್ಟು ಏನು ಹೇಳಿದೆ

ಸರ್ಕಾರಕ್ಕೆ ಕಡಿಮೆ ಬೆಲೆಗೆ ಕೊಡುವ ಅಧಿಕಾರವೇ ಇಲ್ಲವೇ? ಇದೆ. 2ಜಿ ತರಂಗಾಂತರ ಹಂಚಿಕೆಯ ತೀರ್ಪಿನ ಬೆನ್ನಲ್ಲೇ ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ 2012ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಉತ್ತರಿಸಿತು: ಎಲ್ಲ ಸಂಪನ್ಮೂಲವನ್ನೂ ಹರಾಜಿನಲ್ಲೇ ಕೊಡಬೇಕೆಂದು ಸಂವಿಧಾನ ಹೇಳುವುದಿಲ್ಲ, ಸಾರ್ವಜನಿಕ ಹಿತಕ್ಕಾಗಿ ಬೇರೆ ದಾರಿ ಹಿಡಿಯಬಹುದು. ಆದರೆ ಮನಸ್ಸಿಗೆ ಬಂದವರಿಗೆ ಕೊಡುವಂತಿಲ್ಲ. ಭೋಪಾಲದಲ್ಲಿ ಒಂದು ಟ್ರಸ್ಟಿಗೆ ಜಾಹೀರಾತಿಲ್ಲದೆ, ಬರೀ ಅರ್ಜಿಯ ಮೇಲೆ ಕೊಟ್ಟ 20 ಎಕರೆಯನ್ನು ಅದೇ ಕೋರ್ಟು 2011ರಲ್ಲಿ ರದ್ದು ಮಾಡಿತ್ತು. 2024ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಸಂಸದರು, ಶಾಸಕರು, ಅಧಿಕಾರಿಗಳು, ನ್ಯಾಯಾಧೀಶರು, ಪತ್ರಕರ್ತರ ಸೊಸೈಟಿಗಳಿಗೆ ರಿಯಾಯಿತಿಯಲ್ಲಿ ಕೊಟ್ಟ ಜಾಗವೂ ಹೋಯಿತು. ಪಟ್ಟಿಯಲ್ಲಿ ನ್ಯಾಯಾಧೀಶರೂ ಇದ್ದರು ಎಂಬುದನ್ನು ಗಮನಿಸಿ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪಾಠ ಕಾಣುವುದು ನೋಯ್ಡಾದ ಪ್ರಕರಣದಲ್ಲಿ. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಹೋಟೆಲ್ ಬೇಕೆಂದು ಅಲ್ಲಿನ ಪ್ರಾಧಿಕಾರ ಚದರ ಮೀಟರಿಗೆ 7,400 ರೂಪಾಯಿಯಂತೆ ನಿವೇಶನ ಕೊಟ್ಟಿತು. ವಾಣಿಜ್ಯ ದರ ಆಗ 70,000. ಗಲಾಟೆಯಾದ ಮೇಲೆ ಹಂಚಿಕೆಯನ್ನೇ ರದ್ದು ಮಾಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ: ದರ ತಪ್ಪು, ನಿಜ, ಆದರೆ ಸರಿಯಾದ ದರ ಕಟ್ಟಿ ಉಳಿಸಿಕೊಳ್ಳುವ ಅವಕಾಶ ಕೊಡಬೇಕು. ಕಾರಣವಿಲ್ಲದ ರಿಯಾಯಿತಿಯಿಂದ ಕೊನೆಗೆ ಪಡೆದವನಿಗೂ ನೆಮ್ಮದಿಯಿಲ್ಲ.

ಬೇರೆ ದೇಶದವರು ಇದಕ್ಕೊಂದು ಅಳತೆ ಇಟ್ಟುಕೊಂಡಿದ್ದಾರೆ. ಇಂಗ್ಲೆಂಡಿನ 1972ರ ಸ್ಥಳೀಯಾಡಳಿತ ಕಾಯ್ದೆಯ 123ನೇ ಕಲಂ ಪ್ರಕಾರ ಸ್ಥಳೀಯ ಸಂಸ್ಥೆಗಳು ತಮ್ಮ ಜಾಗವನ್ನು ಸಿಗಬಹುದಾದ ಒಳ್ಳೆಯ ಬೆಲೆಗೇ ಮಾರಬೇಕು. ಊರಿನ ಆರ್ಥಿಕ, ಸಾಮಾಜಿಕ ಅಥವಾ ಪರಿಸರದ ಒಳಿತಿಗಾದರೆ 20 ಲಕ್ಷ ಪೌಂಡಿನವರೆಗೆ ಕಡಿಮೆ ಮಾಡಬಹುದು ಎಂದು 2003ರಲ್ಲಿ ಸಾಮಾನ್ಯ ಅನುಮತಿ ಕೊಟ್ಟರು. ಅದಕ್ಕಿಂತ ಹೆಚ್ಚು ಕಡಿಮೆ ಮಾಡಬೇಕಾದರೆ ಮಂತ್ರಿಯ ಒಪ್ಪಿಗೆ ಬೇಕು. ಯುರೋಪಿನ ಒಕ್ಕೂಟದಲ್ಲಿ ಮುಕ್ತ ಹರಾಜು ಇಲ್ಲವೇ ಸ್ವತಂತ್ರ ಮೌಲ್ಯಮಾಪಕನ ಬೆಲೆ. ಅದಕ್ಕಿಂತ ಕಡಿಮೆಗೆ ಕೊಟ್ಟರೆ ಸರ್ಕಾರಿ ಸಹಾಯಧನ ಎಂದು ಪರಿಗಣಿಸಿ ವಿಚಾರಣೆ. ಎರಡೂ ಕಡೆ ಮೊದಲ ಹೆಜ್ಜೆ ಒಂದೇ: ನಿಜವಾದ ಬೆಲೆ ಎಷ್ಟು ಎಂದು ಕೊಡುವ ಮುಂಚೆ ಬರೆದಿಡಬೇಕು.

ಇನ್ನು ಚಿಕ್ಕಪ್ಪನ ಪ್ರಶ್ನೆ

1964ರ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಬೇರೆ ಯಾರ ಸ್ವತ್ತೂ ಅಲ್ಲದ ಜಮೀನೆಲ್ಲ ಸರ್ಕಾರದ್ದು. ಪಹಣಿ ಹೇಳಿದ್ದೂ ಅದನ್ನೇ. ಆದರೆ ಸರ್ಕಾರದ್ದು ಎಂಬುದಕ್ಕೂ ಖಾಲಿ ಎಂಬುದಕ್ಕೂ ಸಂಬಂಧವಿಲ್ಲ. ಊರಿನ ನೂರು ಜಾನುವಾರಿಗೆ 30 ಎಕರೆಯಂತೆ ಗೋಮಾಳ ಬಿಡಬೇಕೆಂದು ಕಂದಾಯ ನಿಯಮವೇ ಹೇಳುತ್ತದೆ. ಮರ ದಟ್ಟವಾಗಿದ್ದರೆ ಕಾಗದದಲ್ಲಿ ಪೈಸಾರಿ ಎಂದಿದ್ದರೂ ಅದು ಅರಣ್ಯವಾಗಬಹುದು. ಸುಪ್ರೀಂ ಕೋರ್ಟಿನ 1996ರ ಡಿಸೆಂಬರಿನ ಗೋದಾವರ್ಮನ್ ಆದೇಶದ ನಂತರ ‘ಅರಣ್ಯ’ ಎಂಬ ಪದಕ್ಕೆ ನಿಘಂಟಿನ ಅರ್ಥವೇ ಅರ್ಥ. ಅಂಥ ಜಾಗವನ್ನು ಬೇರೆ ಕೆಲಸಕ್ಕೆ ಕೊಡಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು. ಸಿ ಆ್ಯಂಡ್ ಡಿ, ಅಂದರೆ ಕೃಷಿಗೆ ಯೋಗ್ಯವಲ್ಲ ಎಂದು ವರ್ಗೀಕರಿಸಿದ ಸರ್ಕಾರಿ ಜಮೀನು ಕಂದಾಯದ್ದೋ ಅರಣ್ಯದ್ದೋ ಎಂದು ಸೋಮವಾರಪೇಟೆಯ ರೈತರು ಬೀದಿಗಿಳಿದದ್ದು ಹಳೆಯ ಸುದ್ದಿಯೇನಲ್ಲ. ಇಲಾಖೆಗಳ ನಡುವೆಯೇ ಯಾರದ್ದೆಂದು ತೀರ್ಮಾನವಾಗದ ಜಾಗವನ್ನು ಕಂಪನಿಗೆ ಮಾರುವುದು ಹೇಗೆ?

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದದ್ದನ್ನು ಕೊಡಗಿನವರು ಮರೆತಿರಲಾರರು. ಲೈನ್ ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ 577 ಆದಿವಾಸಿ ಕುಟುಂಬಗಳನ್ನು ಎಬ್ಬಿಸಿದರು. ಅದು ಮೀಸಲು ಅರಣ್ಯ ಎಂದಿತು ಒಂದು ಕಡೆ, ಪೈಸಾರಿ ಎಂದಿತು ಇನ್ನೊಂದು ಕಡೆ. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ ಕೊಟ್ಟರು. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಮನೆ ಕಟ್ಟಲು ಜಾಗ ಹುಡುಕುವಾಗಲೂ ಇದೇ ಪಾಡು. ಕೊಡಗಿನಲ್ಲಿ ಜಾಗಕ್ಕೇನು ಬರ, 4,102 ಚದರ ಕಿಲೋಮೀಟರ್ ಇದೆಯಲ್ಲ ಎನ್ನಬಹುದು. ಆದರೆ ಸಮತಟ್ಟಾದ, ನೀರು ನಿಲ್ಲದ, ಗುಡ್ಡ ಜಾರದ, ರಸ್ತೆ ಹತ್ತಿರದ ಸರ್ಕಾರಿ ಜಾಗ ಬೆರಳೆಣಿಕೆಯಷ್ಟು. ಕಾರ್ಖಾನೆಗೆ ಬೇಕಾದದ್ದೂ ಅದೇ, ಮನೆ ಇಲ್ಲದವರಿಗೆ ಬೇಕಾದದ್ದೂ ಅದೇ. ನಮ್ಮ 5 ಎಕರೆಯ ಲೆಕ್ಕದಲ್ಲಿ ಎಕರೆಗೆ 60 ಲಕ್ಷ ಎಂದು ಬರೆದೆವಲ್ಲ, ಮುಂದಿನ ಆಗಸ್ಟಿನಲ್ಲಿ ಗುಡ್ಡ ಜಾರಿದರೆ ಆ ಜಾಗಕ್ಕೆ ಎಷ್ಟು ಬೆಲೆ ಕಟ್ಟುತ್ತೀರಿ?

ಮಳೆ ನಿಂತ ಮೇಲೆ ನಾವು ಮೂವರೂ ಆ 6 ಎಕರೆ 50 ಸೆಂಟ್ ನೋಡಲು ಹೋದೆವು. ಜೀಪ್ ಇಳಿದು ಕಾಲು ಗಂಟೆ ನಡಿಗೆ. ಸರ್ವೆ ಕಲ್ಲು ಎರಡು ಸಿಕ್ಕವು, ಮೂರನೆಯದು ಯಾರದೋ ತೋಟದ ಬೇಲಿಯೊಳಗೆ ಇತ್ತು. ಮೇಲಿನ ಭಾಗ ಕಡಿದಾದ ಇಳಿಜಾರು, ನಂದಿ, ಮತ್ತಿ ಮರಗಳು. ನಡುವೆ ತೋಡು. ತೋಡಿನಾಚೆ ಸುಣ್ಣ ಹಚ್ಚಿದ ಕಲ್ಲುಗಳಿದ್ದವು, ಪಕ್ಕದ ಲೈನ್ ಮನೆಯವರ ಸ್ಮಶಾನ. ಹಸು ಮೂರು, ಕರು ಒಂದು. ಗೆಳೆಯ ಮೊಬೈಲಿನಲ್ಲಿ ಅಳೆಯುತ್ತ ಹೋದ, ಚಿಕ್ಕಪ್ಪ ಕೋಲಿನಲ್ಲಿ ತೋರಿಸಿ ತೋರಿಸಿ ಕಳೆಯುತ್ತ ಹೋದರು. ಕೊನೆಗೆ ರಸ್ತೆ ಕಡೆ ಉಳಿದದ್ದು ಹೆಚ್ಚೆಂದರೆ ಒಂದೂಮುಕ್ಕಾಲು ಎಕರೆ.

“ಇಷ್ಟಕ್ಕೆ ಯಾವ ಕಂಪನಿ ಬರುತ್ತೆ?” ಎಂದ ಗೆಳೆಯ.

“ಕಂಪನಿ ಯಾಕೋ? ಹೋದ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ನಿನ್ನ ಅತ್ತೆ ಹಣ್ಣು ಕಾಫಿನ ಬಂದ ರೇಟಿಗೆ ಮಾರಿದ್ಲು. ಅವಳಿಗೆ ಒಣಗಿಸೋಕೆ ಕಣ ಇಲ್ಲ. ಈ ಊರಲ್ಲಿ ಕಣ ಇಲ್ಲದವರು ಎಷ್ಟು ಮನೆ, ಲೆಕ್ಕ ಹಾಕು. ಸೊಸೈಟಿ ಹೆಸರಿಗೆ ಗುತ್ತಿಗೆ ಕೇಳಿ, ಒಂದು ಕಣ, ಒಂದು ಗೋದಾಮು.”

“ಬಾಡಿಗೆ ಎಷ್ಟು ಅಂತ ಕೇಳೋದು?”

ಚಿಕ್ಕಪ್ಪ ಪಹಣಿ ಇಸಿದುಕೊಂಡು ಹನ್ನೊಂದನೇ ಕಲಂ ನೋಡಿದರು. ಋಣ, ಇತರೆ ಹಕ್ಕುಗಳನ್ನು ಬರೆಯುವ ಕಲಂ ಅದು. ಖಾಲಿಯಿತ್ತು. “ಮೊದ್ಲು ಸ್ಮಶಾನಾನೂ ಆ ದಾರೀನೂ ಇಲ್ಲಿ ಬರೆಸು” ಎಂದರು. “ಬಾಡಿಗೆ ಮಾತು ಆಮೇಲೆ.”